ಲಾರಮಿಯ ಆ ರಾತ್ರಿ ಜೊತೆಗಿದ್ದವಳಿಗೆ

ಕಳೆದ ಶನಿವಾರ ಬರ್ಕ್ಲಿಯಲ್ಲಿ, 1968ರಿಂದ ಜನಪದ ಸಂಗೀತಕ್ಕೆ ಮನೆಯಾಗಿರುವ ಫ್ರೈಟ್ ಅಂಡ್ ಸಾಲ್ವೇಜ್‌ನಲ್ಲಿ, ನಮ್ಮ ಕೊನೆಯ ಕಾರ್ಯಕ್ರಮ ಮುಗಿಯಿತು. ಹೊಸ ಆಲ್ಬಮ್ ಹಿಡಿದು ಇಂಗ್ಲೆಂಡಿನ ಲೆಸ್ಟರ್‌ನಿಂದ ಹೊರಟ ನಾವು ನಾಲ್ವರು ಅಮೆರಿಕವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದ್ದೇವೆ. ನಡುವೆ ಅಪ್ಪ ತೀರಿಕೊಂಡರು, ನಾನು ಪ್ರವಾಸ ಬಿಟ್ಟು ಊರಿಗೆ ಹೋಗಿಬಂದೆ. ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು, ಅದನ್ನು ಮತ್ತೆ ವಿವರಿಸುವುದಿಲ್ಲ. ಯಾರ ಋಣದಲ್ಲಿದ್ದೇನೆ ಎಂದು ಹೇಳಬೇಕಾಗಿದೆ.

ವೀಸಾ ಕಾಗದಗಳನ್ನು ಹೊಂದಿಸಿದ ವಕೀಲರಿಗೆ (2024ರ ಏಪ್ರಿಲ್‌ನಲ್ಲಿ ಕಲಾವಿದರು ಬಳಸುವ ಒ ವರ್ಗದ ವೀಸಾದ ಸಾಮಾನ್ಯ ಅರ್ಜಿಯ ಶುಲ್ಕ 460 ಡಾಲರ್‌ನಿಂದ 1,055ಕ್ಕೆ ಏರಿದ ಮೇಲೆ ನಮ್ಮಂಥ ಸಣ್ಣ ತಂಡಗಳಿಗೆ ಆ ಕೆಲಸವೇ ಅರ್ಧ ಪ್ರವಾಸ), ವಿದೇಶಿ ಕಲಾವಿದರ ಸಂಭಾವನೆಯಲ್ಲಿ ಶೇ 30ರಷ್ಟನ್ನು ಮೊದಲೇ ಹಿಡಿದುಕೊಳ್ಳುವ ತೆರಿಗೆಯನ್ನು ಇಳಿಸಿಕೊಟ್ಟ ಲೆಕ್ಕಿಗರಿಗೆ, ಒಣ ಚಳಿಗೆ ಪಿಟೀಲಿನ ಅಂಚು ಬಿಟ್ಟುಕೊಂಡಾಗ ಭಾನುವಾರವೂ ಅಂಗಡಿ ತೆರೆದು ಅಂಟಿಸಿಕೊಟ್ಟ ಆನ್ ಆರ್ಬರ್‌ನ ಕುಶಲಕರ್ಮಿಗೆ, ಬಿಸಿಬೇಳೆಬಾತ್ ಬಡಿಸಿ ಮಲಗಲು ಕೋಣೆ ಬಿಟ್ಟುಕೊಟ್ಟ ಚಿಕಾಗೊದ ಕನ್ನಡ ಮನೆಗಳಿಗೆ ನನ್ನ ನಮಸ್ಕಾರ.

ಇನ್ನು ಅವಳು. ಹೆಸರು ಬರೆಯಬೇಡ ಎಂದಿದ್ದಾಳೆ. ಗ್ಲಾಸ್ಗೋದವಳು. ನಮ್ಮ ವ್ಯಾನ್ ಓಡಿಸಿದವಳು, ಧ್ವನಿ ಹೊಂದಿಸಿದವಳು, ಕಾರ್ಯಕ್ರಮ ಮುಗಿದ ಮೇಲೆ ಮೇಜಿನ ಹಿಂದೆ ನಿಂತು ರೆಕಾರ್ಡ್ ಮಾರಿದವಳು. ಮರುದಿನದ ಪೆಟ್ರೋಲ್‌ಗೆ ದುಡ್ಡು ಹುಟ್ಟುತ್ತಿದ್ದದ್ದು ಆ ಮೇಜಿನಲ್ಲೇ.

ವಯೋಮಿಂಗ್‌ನ ಲಾರಮಿ ಸಮುದ್ರಮಟ್ಟದಿಂದ 7,000 ಅಡಿಗೂ ಎತ್ತರದಲ್ಲಿದೆ. ಅಲ್ಲಿಂದ ರಾಲಿನ್ಸ್ ಕಡೆಗೆ ಹೋಗುವ ಐ-80 ಹೆದ್ದಾರಿಯನ್ನು ಚಳಿಗಾಲದಲ್ಲಿ ಆಗಾಗ ಮುಚ್ಚುತ್ತಾರೆ. ಖಾಲಿ ಲಾರಿಗಳನ್ನು ಮಗುಚಿ ಹಾಕುವಂಥ ಗಾಳಿ ಅದು. ಆ ಸಂಜೆ ಹೆದ್ದಾರಿಯ ಗೇಟು ಇಳಿದಿತ್ತು, ದಕ್ಷಿಣಕ್ಕೆ ಡೆನ್ವರ್ ಕಡೆಯ ದಾರಿಯೂ ಇರಲಿಲ್ಲ. ತಮ್ಮನ ಕರೆ ಬಂದದ್ದು ಆಗ.

ಅವಳು ನನ್ನ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡು ಕುಳಿತಳು. ನಾನು ಇಂಗ್ಲಿಷಿನಲ್ಲಿ ಏನೋ ತಡವರಿಸುತ್ತಿದ್ದೆ. "ನಿನ್ನ ಭಾಷೆಯಲ್ಲೇ ಹೇಳು, ನನಗೆ ಅರ್ಥವಾಗದಿದ್ದರೂ ಪರವಾಗಿಲ್ಲ" ಎಂದಳು. ಬೆಳಗಿನವರೆಗೂ ಅಪ್ಪನ ಬಗ್ಗೆ ಕನ್ನಡದಲ್ಲಿ ಮಾತಾಡಿದೆ. ಮೈಸೂರಿನ ಮನೆ, ಅವರ ಸೈಕಲ್ಲು, ನನ್ನ ಶ್ರುತಿ ತಪ್ಪಿದಾಗ ಪತ್ರಿಕೆಯ ಹಿಂದಿನಿಂದ ಅವರು ಕೆಮ್ಮುತ್ತಿದ್ದದ್ದು. ಒಂದು ಪದವೂ ತಿಳಿಯದೆ ಅವಳು ಅಷ್ಟನ್ನೂ ಕೇಳಿದಳು. ನಾನು ಸುಮ್ಮನಾದಾಗಲೆಲ್ಲ ರಸ್ತೆಯ ಸ್ಥಿತಿ ನೋಡುತ್ತಿದ್ದಳು, ಕಾರ್ಯಕ್ರಮ ರದ್ದೆಂದು ಸಾಲ್ಟ್ ಲೇಕ್ ಸಿಟಿಗೂ ಬಾಯ್ಸಿಗೂ ಪತ್ರ ಬರೆಯುತ್ತಿದ್ದಳು. 287ನೇ ಹೆದ್ದಾರಿ ತೆರೆದದ್ದೇ ಫೋರ್ಟ್ ಕಾಲಿನ್ಸ್ ಮೂಲಕ ಡೆನ್ವರ್ ವಿಮಾನ ನಿಲ್ದಾಣಕ್ಕೆ ನನ್ನನ್ನು ಮುಟ್ಟಿಸಿ, ಉಳಿದಿಬ್ಬರಿಗಾಗಿ ನಿದ್ದೆಯಿಲ್ಲದೆ ಅದೇ ದಾರಿಯಲ್ಲಿ ಹಿಂದಿರುಗಿದಳು.

ಅಪ್ಪನ ಮುಖ ನೋಡಲು ಸಿಕ್ಕಿತು. ಮಾತಾಡಲು ಸಿಗಲಿಲ್ಲ. ಆ ಸಿಟ್ಟು ಇನ್ನೂ ಹೋಗಿಲ್ಲ. ಗಾಳಿಯ ಮೇಲೆ, ಆ ಗೇಟಿನ ಮೇಲೆ, ಕೆಲವು ದಿನ ಈ ಆಲ್ಬಮ್ಮಿನ ಮೇಲೂ. ಅದನ್ನು ಮತ್ತೆ ಕೇಳಲು ನನಗಿನ್ನೂ ಆಗಿಲ್ಲ.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ "ಒಪ್ಪಿಕೊಂಡ ಕೆಲಸ ಮುಗಿಸಿ ಬಾ" ಎಂದು ಕಳಿಸಿದವಳು ಅಮ್ಮ. ಬರ್ಕ್ಲಿಯಲ್ಲಿ ಅಪ್ಪನಿಗೆ ಪ್ರಿಯವಾದ ಆನಂದಭೈರವಿಯನ್ನು ನುಡಿಸಿದೆ. ಕೈ ನಡುಗಲಿಲ್ಲ. ರದ್ದಾದ ದಿನಗಳ ಸಂಬಳ ಬೇಡವೆಂದು ಅವಳು ಹಟ ಹಿಡಿದಿದ್ದಳು, ಪೂರ್ತಿ ಕೊಟ್ಟಿದ್ದೇನೆ.

ಸಾಲ್ಟ್ ಲೇಕ್ ಸಿಟಿ ಮತ್ತು ಬಾಯ್ಸಿಯವರೇ, ನಿಮ್ಮ ಟಿಕೆಟ್‌ಗಳನ್ನು ಇಟ್ಟುಕೊಂಡಿರಿ, ಅವು ಸಲ್ಲುತ್ತವೆ. ಸೆಪ್ಟೆಂಬರ್‌ನಲ್ಲಿ, ಹಿಮ ಬೀಳುವ ಮೊದಲೇ ಬರುತ್ತೇವೆ. ವ್ಯಾನ್ ಓಡಿಸಲು ಅವಳು ಒಪ್ಪಿದ್ದಾಳೆ.