ಮಗಳು ಟಿವಿಗೆ ಹೋಗುವ ಮುಂಚೆ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಪುಟ್ಟಿ ಆಡಿಷನ್ ದಾಟಿದಳು ಅಂತ ನೀನು ಕಳಿಸಿದ ವಾಯ್ಸ್ ಮೆಸೇಜ್ ಕೇಳಿದೆ. ತುಂಬಾ ಖುಷಿಯಾಯಿತು. ಆ ಕಂಠ ಯಾರಿಂದ ಬಂತೋ ಗೊತ್ತಿಲ್ಲ, ನಿನ್ನಿಂದಂತೂ ಅಲ್ಲ. ಕೊನೆಯಲ್ಲಿ ದನಿ ತಗ್ಗಿಸಿ ಕೇಳಿದೆಯಲ್ಲ, "ನೀನೂ ಚಿಕ್ಕವಳಿದ್ದಾಗ ಟಿವಿಯಲ್ಲಿ ಬಂದವಳು, ಕಳಿಸಲಾ ಬೇಡ್ವಾ ಹೇಳು" ಅಂತ, ಅದಕ್ಕೆ ಫೋನಿನಲ್ಲಿ ಉತ್ತರ ಕೊಟ್ಟರೆ ಅರ್ಧಕ್ಕೇ ಜಗಳ ಆಗುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಈಗ ಎಷ್ಟೋ ಅಪ್ಪ ಅಮ್ಮಂದಿರ ತಲೆಯಲ್ಲಿದೆ. ನೀನು ಹೂಂ ಅಂದಿದ್ದರಿಂದ ನಾಲ್ಕು ಜನ ಓದುವ ಕಡೆ ಹಾಕುತ್ತಿದ್ದೇನೆ. ಮಗಳ ಹೆಸರು, ಶೋ ಹೆಸರು ಎಲ್ಲೂ ಬರೆದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನ್ನದು ಎಂಥ ಹೆಸರು ಮಾರಾಯಾ! ಒಂದು ಸೀರಿಯಲ್‌ನಲ್ಲಿ ಮೊಮ್ಮಗಳ ಪಾತ್ರ. ಹಣೆ ಮುಚ್ಚುವ ಹಾಗೆ ಕತ್ತರಿಸಿದ ಕೂದಲು, ಮಾತಿಗೆ ಮುಂಚೆ ಅಳು. ಆದರೂ ಕೆಲವು ವರ್ಷ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ ನನ್ನನ್ನು ಆ ಪಾತ್ರದ ಹೆಸರಿನಿಂದಲೇ ಕರೆದರು. ಕೆನ್ನೆ ಹಿಂಡುವವರು ನನ್ನ ಕೇಳುತ್ತಲೇ ಇರಲಿಲ್ಲ. ಹೈಸ್ಕೂಲಿಗೆ ಬಂದಾಗ ಮಾತು ಬದಲಾಯಿತು: "ಅಯ್ಯೋ, ಎಷ್ಟು ಮುದ್ದಾಗಿದ್ದೆ ಆವಾಗ!" ಹದಿನಾಲ್ಕು ವರ್ಷದ ಹುಡುಗಿಗೆ ಅದನ್ನು ಕೇಳಿಸಿಕೊಂಡು ನಗುವುದು ಸುಲಭ ಅಲ್ಲ. ನನ್ನ ಹೆರಿಗೆ ವಾರ್ಡಿನಲ್ಲೂ ಒಬ್ಬ ಆಯಾ ನನ್ನ ಮುಖವನ್ನೇ ನೋಡಿ, "ನೀವು ಆ ಸೀರಿಯಲ್ ಪಾಪು ಅಲ್ವಾ?" ಅಂದಳು. ಆಗ ನನಗೆ ನೋವು ಶುರುವಾಗಿತ್ತು. ಏನು ಹೇಳಲಿ, ಹೌದು ಅಂದೆ.

ಇಷ್ಟರಿಂದ ನಿನಗೆ ಬುದ್ಧಿ ಹೇಳುವಷ್ಟು ಅನುಭವ ನನಗಿಲ್ಲ. ಅದಕ್ಕೇ ನಿಜವಾಗಿ ಹೆಸರು ಮಾಡಿದ ಒಂದು ಮಗುವಿನ ಕತೆ ಹೇಳುತ್ತೇನೆ. ಶರ್ಲಿ ಟೆಂಪಲ್, ಹಳೆಯ ಹಾಲಿವುಡ್ ಸಿನಿಮಾಗಳ ಬಾಲನಟಿ. ನಿನ್ನ ಅಜ್ಜ ಇದ್ದಿದ್ದರೆ ಬಹುಶಃ ಗುರುತು ಹಿಡಿಯುತ್ತಿದ್ದರು. ನನ್ನ ಮಗಳು ಹುಟ್ಟಿದ ಮೇಲೆ ನಾನು ಆಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಚಿಕ್ಕಂದಿನಲ್ಲಿ ಹೆಸರು ಮಾಡಿದವರ ಕತೆಗಳು ಸಾಮಾನ್ಯವಾಗಿ ಕುಡಿತದಲ್ಲೋ ಕೋರ್ಟಿನಲ್ಲೋ ಮುಗಿಯುತ್ತವೆ. ಈಕೆಯದು ಹಾಗೆ ಮುಗಿಯಲಿಲ್ಲ. ಯಾಕೆ ಅಂತ ತಿಳಿಯಬೇಕಿತ್ತು.

ಹುಟ್ಟಿದ್ದು 1928ರಲ್ಲಿ, ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ. ಮೂರು ವರ್ಷಕ್ಕೇ ಡ್ಯಾನ್ಸ್ ಕ್ಲಾಸ್. ಅಲ್ಲಿಂದಲೇ ಪುಟ್ಟ ಮಕ್ಕಳನ್ನು ಇಟ್ಟುಕೊಂಡು ತೆಗೆಯುತ್ತಿದ್ದ ಕಿರುಚಿತ್ರಗಳಿಗೆ ಆಯ್ಕೆ. ಆ ಸೆಟ್ಟಿನಲ್ಲಿ ಹೇಳಿದ ಹಾಗೆ ಕೇಳದ ಮಕ್ಕಳನ್ನು ಒಂದು ಕತ್ತಲೆ ಪೆಟ್ಟಿಗೆಯೊಳಗೆ ಕೂಡಿಹಾಕುತ್ತಿದ್ದರು. ಕೂರಲು ಇದ್ದದ್ದು ಮಂಜುಗಡ್ಡೆ ಮಾತ್ರ. ಆಕೆಯೇ ಆತ್ಮಕಥೆಯಲ್ಲಿ ಬರೆದ ಸಂಗತಿ ಇದು. 1934ರಲ್ಲಿ ದೊಡ್ಡ ಸ್ಟುಡಿಯೋದ ಕರಾರು ಆಯಿತು. ಮರುವರ್ಷ, ಇನ್ನೂ ಆರು ವರ್ಷದ ಮಗು, ಆಸ್ಕರ್ ಸಮಾರಂಭದಲ್ಲಿ ವಿಶೇಷ ಪ್ರಶಸ್ತಿ. 1935ರಿಂದ 1938ರವರೆಗೆ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಎಲ್ಲರಿಗಿಂತ ಮುಂದೆ ಇದ್ದದ್ದು ಈ ಮಗುವೇ. ದೇಶಕ್ಕೆ ದೇಶವೇ ಕೆಲಸ ಕಳೆದುಕೊಂಡು ಕೂತಿದ್ದ ಕಾಲ ಅದು. ದೊಡ್ಡವರು ನಗಲು ಒಂದು ಕಾರಣ ಹುಡುಕುತ್ತಿದ್ದರು. ಆ ಭಾರ ಹೊತ್ತದ್ದು ಗುಂಗುರು ಕೂದಲಿನ ಈ ಹುಡುಗಿ. ಆ ಗುಂಗುರೂ ತಾನಾಗಿ ಬಂದದ್ದಲ್ಲ, ಅಮ್ಮ ಲೆಕ್ಕ ಹಾಕಿ 56 ಸುರುಳಿ ಸುತ್ತುತ್ತಿದ್ದಳು.

ಆರನೇ ವಯಸ್ಸಿಗೇ ಸಾಂತಾ ಕ್ಲಾಸ್ ಮೇಲಿನ ನಂಬಿಕೆ ಹೋಯಿತು ಅಂತ ಆಕೆ ಹೇಳಿಕೊಳ್ಳುತ್ತಿದ್ದಳು. ಅಂಗಡಿಯೊಂದರಲ್ಲಿ ಸಾಂತಾ ವೇಷದವನ ಹತ್ತಿರ ಅಮ್ಮ ಕರೆದುಕೊಂಡು ಹೋದರೆ, ಅವನೇ ಈಕೆಯ ಆಟೋಗ್ರಾಫ್ ಕೇಳಿದನಂತೆ. ಎಲ್ಲರೂ ಇದನ್ನು ತಮಾಷೆಯಾಗಿ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಮಗು ಏನೋ ಬೇಡಿಕೊಳ್ಳಲು ಹೋಗಿದೆ, ಎದುರಿಗಿದ್ದ ದೊಡ್ಡವನು ಅದರಿಂದಲೇ ಬೇಡುತ್ತಿದ್ದಾನೆ.

ಇನ್ನೊಂದು ಕೇಳು. ಸ್ಟುಡಿಯೋದವರು ಆಕೆಯ ವಯಸ್ಸಿನಲ್ಲಿ ಒಂದು ವರ್ಷ ಕಡಿಮೆ ಮಾಡಿದ್ದರು. ಪುಟಾಣಿಯಾಗಿ ಇದ್ದಷ್ಟು ದಿನ ಸಿನಿಮಾ ಓಡುತ್ತದಲ್ಲ. ಹನ್ನೆರಡು ತುಂಬಿತು ಅಂದುಕೊಂಡ ಹುಟ್ಟುಹಬ್ಬದ ಹೊತ್ತಿಗೆ ಅಮ್ಮ ನಿಜ ಹೇಳಿದಳು, ನಿನಗೆ ಹದಿಮೂರು ಅಂತ. ಬಾಲ್ಯದಲ್ಲಿ ಒಂದು ವರ್ಷ ಹೀಗೆ ಲೆಕ್ಕಕ್ಕೇ ಸಿಗದೆ ಹೋಯಿತು.

ಈಗ ದುಡ್ಡಿನ ವಿಷಯ. ಬ್ಯಾಂಕಿನವಳಾದ ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಆಕೆ ಸಿನಿಮಾದಲ್ಲಿ ಗಳಿಸಿದ್ದು ಸುಮಾರು 32 ಲಕ್ಷ ಡಾಲರ್. ಮದುವೆಯಾಗಿ, ಒಂದು ಮಗುವಿನ ತಾಯಿಯೂ ಆದ ಮೇಲೆ ತನ್ನ ಲೆಕ್ಕ ನೋಡಿದಾಗ ಉಳಿದದ್ದು ಸುಮಾರು 44 ಸಾವಿರ. ಮನೆ ಖರ್ಚು, ಆಳುಕಾಳು, ನೆಂಟರು, ಕೈಕೊಟ್ಟ ಹೂಡಿಕೆ, ಎಲ್ಲದಕ್ಕೂ ಹೋಗಿತ್ತು. ಕೋರ್ಟ್ ಹೇಳಿದಷ್ಟನ್ನು ಅಪ್ಪ ಮಗಳ ಖಾತೆಗೆ ಹಾಕಿಯೇ ಇರಲಿಲ್ಲ. ಅಪ್ಪ ಏನು ಕೆಲಸ ಮಾಡುತ್ತಿದ್ದರು ಗೊತ್ತಾ? ಬ್ಯಾಂಕ್ ಕೆಲಸ! ಕೆಟ್ಟವರೇನಲ್ಲ, ಮಗಳ ಮೇಲೆ ಪ್ರೀತಿ ಇದ್ದವರೇ. ಆಕೆಗೂ ಅವರ ಮೇಲೆ ಸಿಟ್ಟು ಬರಲಿಲ್ಲವಂತೆ. ನನಗೆ ಮಾತ್ರ ಬಂತು. ಪ್ರೀತಿ ಇದೆ ಅನ್ನುವುದೇ ಲೆಕ್ಕ ಇಡದಿರಲು ನೆಪ ಆಗಬಾರದು. ನಿನಗೂ ಸೇರಿಸಿಯೇ ಹೇಳುತ್ತಿದ್ದೇನೆ ಕಣೋ, ಮುಖ ಊದಿಸಿಕೊಳ್ಳಬೇಡ.

ಆಕೆಗಿಂತ ಮುಂಚೆ ಜಾಕಿ ಕೂಗನ್ ಅನ್ನುವ ಹುಡುಗನಿಗೂ ಹೀಗೇ ಆಗಿತ್ತು. 1921ರಲ್ಲಿ ಚಾಪ್ಲಿನ್ ಜೊತೆ ನಟಿಸಿ ಲೋಕವನ್ನೇ ಅಳಿಸಿದವನು. ದೊಡ್ಡವನಾಗಿ ತನ್ನ ದುಡ್ಡು ಕೇಳಿದರೆ ಖಾಲಿ. 1938ರಲ್ಲಿ ಸ್ವಂತ ತಾಯಿ ಮತ್ತು ಮಲತಂದೆ ಮೇಲೆ ಕೇಸು ಹಾಕಿದ. ಅದರ ಗದ್ದಲದಿಂದಲೇ ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಅವನ ಹೆಸರಿನ ಕಾನೂನು ಬಂತು, ನಟಿಸುವ ಮಕ್ಕಳ ದುಡ್ಡು ಕಾಯಲು.

ಇಷ್ಟೆಲ್ಲ ಆದರೂ ಆಕೆ ಹೇಗೆ ನೆಟ್ಟಗೆ ನಿಂತಳು? ಅದೃಷ್ಟವೂ ಇತ್ತು, ಅನುಕೂಲವೂ ಇತ್ತು. ಆದರೆ ನನ್ನ ಕಣ್ಣಿಗೆ ಬೀಳುವುದು ಆಕೆಯ ಸ್ಕೂಲು. 1940ರಲ್ಲಿ, ಸಿನಿಮಾಗಳು ಸೋಲತೊಡಗಿದಾಗ, ಅಪ್ಪ ಅಮ್ಮ ಕರಾರಿನಿಂದ ಬಿಡಿಸಿಕೊಂಡು ಆಕೆಯನ್ನು ಹುಡುಗಿಯರ ಶಾಲೆಗೆ ಸೇರಿಸಿದರು. ಅಲ್ಲಿಯವರೆಗೆ ಪಾಠ ಆದದ್ದೆಲ್ಲ ಸ್ಟುಡಿಯೋದಲ್ಲೇ. ಈಗ ಮೊದಲ ಸಲ ತನ್ನ ವಾರಿಗೆಯ ಹುಡುಗಿಯರ ಪಕ್ಕ ಬೆಂಚಿನಲ್ಲಿ ಕೂತಳು. ಹೋಮ್‌ವರ್ಕ್, ಚಾಡಿ ಮಾತು, ಗೆಳತಿಯರು. ದುಡ್ಡಿನ ವಿಷಯದಲ್ಲಿ ಅಪ್ಪ ಅಮ್ಮ ಏನೇ ಮಾಡಿರಲಿ, ಈ ಒಂದು ಕೆಲಸಕ್ಕೆ ಅವರಿಗೆ ಕೈಮುಗಿಯಬೇಕು.

ಹಾಗಂತ ಆಮೇಲಿನ ದಾರಿ ಸಲೀಸಾಗಿರಲಿಲ್ಲ. ಹದಿನೇಳಕ್ಕೆ ಮದುವೆ, 1948ರಲ್ಲಿ ಮಗಳು, ಸ್ವಲ್ಪದರಲ್ಲೇ ವಿಚ್ಛೇದನ. ಚಿಕ್ಕಂದಿನಿಂದ ದೊಡ್ಡವರ ನಡುವೆಯೇ ಬೆಳೆದ ಹುಡುಗಿ ಬೇಗ ಬೇಗ ದೊಡ್ಡವಳಾಗಲು ಹೊರಟಳು ಅಂತ ನನಗೆ ಅನಿಸುತ್ತದೆ, ಅಷ್ಟೇ. 1950ರಲ್ಲಿ ಹವಾಯಿಯಲ್ಲಿ ಚಾರ್ಲ್ಸ್ ಬ್ಲ್ಯಾಕ್ ಸಿಕ್ಕ. ಅವನು ಈಕೆಯ ಒಂದು ಸಿನಿಮಾವನ್ನೂ ನೋಡಿರಲಿಲ್ಲವಂತೆ! ಅದೇ ವರ್ಷ ಮದುವೆ, ಅದೇ ವರ್ಷ ಸಿನಿಮಾಕ್ಕೂ ವಿದಾಯ. ಆಗ ಆಕೆಗೆ 22. 2005ರಲ್ಲಿ ಅವನು ತೀರಿಕೊಳ್ಳುವವರೆಗೂ ಜೊತೆಗಿದ್ದರು.

1952ರಲ್ಲಿ ಮಗ, 1954ರಲ್ಲಿ ಇನ್ನೊಬ್ಬ ಮಗಳು. 1958ರಲ್ಲಿ ಮಕ್ಕಳ ಕತೆಗಳ ಟಿವಿ ಕಾರ್ಯಕ್ರಮಕ್ಕೆ ಬಂದಳು, ಅದೂ ಕೆಲವೇ ವರ್ಷ. ಮಿಕ್ಕಂತೆ ಮನೆ, ಮಕ್ಕಳು, ಸಮಾಜದ ಕೆಲಸ. ಅಣ್ಣನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ ಇತ್ತು. ಆ ಕಾಯಿಲೆಯವರ ಸಂಘಟನೆಗಾಗಿ ಓಡಾಡಿದಳು. 1968ರ ಆಗಸ್ಟ್‌ನಲ್ಲಿ ಆಗಿನ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ಗೆ ಹೋಗಿದ್ದೂ ಅದೇ ಕೆಲಸಕ್ಕೆ. ಆಗಲೇ ಸೋವಿಯತ್ ಟ್ಯಾಂಕುಗಳು ಊರೊಳಗೆ ನುಗ್ಗಿದವು. ಕಣ್ಣಾರೆ ನೋಡಿದಳು. ಇಪ್ಪತ್ತೊಂದು ವರ್ಷ ಆದ ಮೇಲೆ, 1989ರಲ್ಲಿ, ಅದೇ ಊರಿಗೆ ಅಮೆರಿಕದ ರಾಯಭಾರಿಯಾಗಿ ಹೋದಳು. ಆ ವರ್ಷವೇ ಅಲ್ಲಿ ಕಮ್ಯುನಿಸ್ಟ್ ಸರ್ಕಾರ ಬಿತ್ತು.

ಇದಕ್ಕೆಲ್ಲ ಮುಂಚೆ, 1967ರಲ್ಲಿ, ಒಂದು ಚುನಾವಣೆಯಲ್ಲಿ ಸೋತಿದ್ದಳು. 1974ರಿಂದ 76ರವರೆಗೆ ಘಾನಾದಲ್ಲಿ ರಾಯಭಾರಿ. 1972ರಲ್ಲಿ ಸ್ತನ ಕ್ಯಾನ್ಸರ್ ಆಪರೇಷನ್ ಆದಾಗ ಅದನ್ನು ಬಚ್ಚಿಡದೆ ಬಹಿರಂಗವಾಗಿ ಹೇಳಿದಳು, ಹೆಂಗಸರೇ ಗಂಟು ಕಂಡರೆ ಸುಮ್ಮನೆ ಕೂರಬೇಡಿ ಅಂತ. ಆ ಕಾಲದಲ್ಲಿ ಹೆಸರುವಾಸಿ ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುತ್ತಲೇ ಇರಲಿಲ್ಲ. ಚಿಕ್ಕಂದಿನ ಹೆಸರನ್ನು ಆಕೆ ಇಷ್ಟು ಚೆನ್ನಾಗಿ ಇನ್ನೆಲ್ಲೂ ಬಳಸಿಲ್ಲ ಅಂತ ನನ್ನ ಅನಿಸಿಕೆ.

ಬ್ಯಾಲೆನ್ಸ್ ಅಂತ ನಾವು ಬಾಯಿ ತುಂಬ ಹೇಳುತ್ತೇವಲ್ಲ, ಕೆಲಸ, ಮಕ್ಕಳು, ಹೆಸರು ಎಲ್ಲ ಒಂದೇ ದಿನದಲ್ಲಿ ಸರಿತೂಗಿಸುವುದು, ಆಕೆ ಅದನ್ನು ಮಾಡಲೇ ಇಲ್ಲ. ಒಂದಾದ ಮೇಲೊಂದು ಮಾಡಿದಳು. ಘಾನಾಕ್ಕೆ ಹೋಗುವಾಗ ಕಿರಿಯ ಮಗಳಿಗೆ ಇಪ್ಪತ್ತು. ಗಂಡನ ಕಡೆ ಅನುಕೂಲ ಇತ್ತು, ಹಾಗಾಗಿ ಕಾಯುವುದು ಆಕೆಗೆ ಸಾಧ್ಯವಾಯಿತು ಅನ್ನುವುದನ್ನೂ ಹೇಳಬೇಕು. ನನಗೆ ಆ ಭಾಗ್ಯ ಇಲ್ಲ, ಹೆರಿಗೆ ರಜೆ ಮುಗಿದ ಮರುದಿನವೇ ಕೌಂಟರ್. ಆದರೆ ಕೌಂಟರಿನ ಹಿಂದೆ ಕೂತಾಗ ನನಗೊಂದು ನೆಮ್ಮದಿ ಇದೆ. ಪಾಸ್‌ಬುಕ್ ಹಿಡಿದು ಬಂದವರಿಗೆ ನಾನು ಮುದ್ದಾಗಿದ್ದೆನೋ ಇಲ್ಲವೋ ಬೇಕಾಗಿಲ್ಲ. ಲೆಕ್ಕ ಸರಿ ಇದ್ದರೆ ಸಾಕು. ಇದನ್ನು ಕೇಳಿದರೆ ನಿನಗೆ ಚಿಕ್ಕ ವಿಷಯ ಅನಿಸಬಹುದು. ಎಂಟನೇ ವಯಸ್ಸಿನಿಂದ ಜನ ಮುಖ ನೋಡಿಯೇ ಅಳೆದವಳಿಗೆ ಅಲ್ಲ.

ಆಕೆಯ ಕಿರಿಯ ಮಗಳು ಲೋರಿ ಏನಾದಳು ಗೊತ್ತಾ? ರಾಕ್ ಬ್ಯಾಂಡ್‌ನಲ್ಲಿ ಬಾಸ್ ಗಿಟಾರ್ ನುಡಿಸಿದಳು. ಮೆಲ್ವಿನ್ಸ್ ಅಂತ ಬ್ಯಾಂಡ್, ಕಿವಿ ಗುಂಯ್ ಅನ್ನಬೇಕು ಹಾಗೆ. ಅಮ್ಮನ ಗುಂಗುರು ಕೂದಲಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನನಗೆ ಇಡೀ ಕತೆಯಲ್ಲಿ ಜಾಸ್ತಿ ಇಷ್ಟವಾದದ್ದು ಇದೇ.

ನನ್ನ ಮಗಳು ಮೊನ್ನೆ ಯೂಟ್ಯೂಬ್‌ನಲ್ಲಿ ನನ್ನ ಹಳೆಯ ದೃಶ್ಯ ಹುಡುಕಿ ತೆಗೆದಳು. ನನ್ನ ಅಳು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೇಳಿದಳು, "ನಿಜವಾಗ್ಲೂ ಅಳ್ತಿದ್ಯಾ, ಆ್ಯಕ್ಟಿಂಗಾ?" ಕೆಲವು ಸಲ ನಿಜವೇ, ನಿದ್ದೆ ಬರುತ್ತಿತ್ತು ಅಂದೆ. ಅವಳ ಫೋಟೋ ನಾನು ಎಲ್ಲೂ ಹಾಕುವುದಿಲ್ಲ, ನಿನಗೆ ಗೊತ್ತು. ಬೇಕಾದರೆ ದೊಡ್ಡವಳಾಗಿ ತಾನೇ ಹಾಕಿಕೊಳ್ಳಲಿ.

ನಮ್ಮಲ್ಲಿ ಅಪ್ಪು ಇರಲಿಲ್ವಾ ಅಂತ ನೀನು ಕೇಳುತ್ತೀಯ, ಕೇಳೇ ಕೇಳುತ್ತೀಯ. ಇದ್ದರು. ಹತ್ತನೇ ವಯಸ್ಸಿನ ನಟನೆಗೆ ರಾಷ್ಟ್ರಪ್ರಶಸ್ತಿ ಪಡೆದು, ದೊಡ್ಡವರಾದ ಮೇಲೂ ಸೌಮ್ಯವಾಗಿಯೇ ಉಳಿದರು. ಆದರೆ ಅವರ ಮನೆಯೇ ಸಿನಿಮಾ ಮನೆ. ಅಪ್ಪ ರಾಜ್‌ಕುಮಾರ್, ಅಮ್ಮ ಪಾರ್ವತಮ್ಮ. ಹೆಸರಿನ ಬಿಸಿ ಎಷ್ಟಿರುತ್ತದೆ ಅಂತ ಆ ಮನೆಗೆ ಮೊದಲೇ ಗೊತ್ತಿತ್ತು. ನಿನ್ನ ಮನೆಗೆ ಗೊತ್ತಿಲ್ಲ.

ಹಾಗಾದರೆ ಕಳಿಸಬೇಡ ಅಂತೀಯಾ? ಇಲ್ಲ, ಕಳಿಸು. ಹಾಡುವುದು ಅವಳಿಗೆ ಇಷ್ಟ ಅಂತ ನನಗೂ ಗೊತ್ತು. ಆದರೆ ಹೋಗುವ ಮುಂಚೆ ಕೇಳಬೇಕಾದ್ದನ್ನು ಕೇಳು. ನಮ್ಮ ದೇಶದಲ್ಲಿ ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿ ಆಯಿತು, 2017ರಲ್ಲಿ ನಿಯಮ ಬಂತು. ಹಾಡುವ ಮಗುವೂ ಅದರಲ್ಲಿ ಕಲಾವಿದೆಯೇ. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ಬಿಡುವಿಲ್ಲದೆ 3 ಗಂಟೆಗಿಂತ ಜಾಸ್ತಿ ಇಲ್ಲ. ಒಂದೇ ಸಮ 27 ದಿನಕ್ಕಿಂತ ಜಾಸ್ತಿ ಇಲ್ಲ. ಕಾರ್ಯಕ್ರಮ ಮಾಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ತೆಗೆದುಕೊಳ್ಳಬೇಕು. ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟು ನೇರವಾಗಿ ಮಗುವಿನ ಹೆಸರಿನಲ್ಲಿ, ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. ಮಗುವಿಗೆ ಇಷ್ಟ ಇಲ್ಲದಿದ್ದರೆ ಮಾಡಿಸುವ ಹಾಗೇ ಇಲ್ಲ. ಇದೆಲ್ಲ ಅವರಿಗೆ ಗೊತ್ತಿರುತ್ತದೆ. ನಿನಗೂ ಗೊತ್ತಿದೆ ಅಂತ ಅವರಿಗೆ ಗೊತ್ತಾಗಲಿ.

ಶೇ. 20 ಕಾನೂನಿನ ಮಾತು. ನಾನಾದರೆ ಪೂರ್ತಿ ಅವಳ ಹೆಸರಿಗೇ ಹಾಕುತ್ತೇನೆ. ನಿನ್ನ ಮನೆ ಸಾಲದ ಕಂತಿಗೆ ಅದರಲ್ಲಿ ಒಂದು ಪೈಸೆ ಹೋಗಬಾರದು. ಮಗಳ ದುಡ್ಡಿನಲ್ಲಿ ಮನೆ ನಡೆಯತೊಡಗಿದರೆ, ಸಾಕಪ್ಪಾ ಅನ್ನಲು ಅವಳಿಗೆ ಬಾಯಿ ಬರುವುದಿಲ್ಲ.

ಸ್ಕೂಲು ತಪ್ಪಿಸಬೇಡ. ಹಳೆಯ ಗೆಳತಿಯರು ಮನೆಗೆ ಬರುತ್ತಿರಲಿ. ಅವಳ ಹೆಸರಿನಲ್ಲಿ ಇನ್‌ಸ್ಟಾಗ್ರಾಂ ಪೇಜ್ ಮಾಡುವ ಆಸೆ ಇದ್ದರೆ ಈಗಲೇ ಬಿಡು. ಕಾಮೆಂಟುಗಳನ್ನು ಓದಲು ಕೊಡಬೇಡ, ಹೊಗಳಿಕೆಯನ್ನೂ. ಎಲಿಮಿನೇಟ್ ಆದ ದಿನ ಅವಳಿಗಿಂತ ಮುಂಚೆ ನೀನು ಅಳಬೇಡ. ಕ್ಯಾಮೆರಾದವರು ಅದಕ್ಕೇ ಕಾಯುತ್ತಿರುತ್ತಾರೆ.

ಅಗ್ರಿಮೆಂಟ್ ಕಾಪಿ ಬಂದ ಕೂಡಲೇ ನನಗೆ ವಾಟ್ಸಾಪ್ ಮಾಡು. ನಾನು ಓದಿ ಹೇಳುವವರೆಗೂ ಸಹಿ ಹಾಕಬೇಡ. ಖಾತೆ ತೆರೆಯಲು ಪುಟ್ಟಿಯ ಜನನ ಪ್ರಮಾಣಪತ್ರ, ನಿನ್ನ ಆಧಾರ್ ಮತ್ತು ಪ್ಯಾನ್, ಇಬ್ಬರ ಫೋಟೋ ಬೇಕು. ಶನಿವಾರ ಬರುವುದಾದರೆ ಮೊದಲೇ ತಿಳಿಸು, ಎರಡನೆಯ ಮತ್ತು ನಾಲ್ಕನೆಯ ಶನಿವಾರ ನಮಗೆ ರಜೆ.

ನಿನ್ನ ಗೆಳತಿ