ಲೈಸೆನ್ಸ್‌ನತ್ತ ಹೊರಳುವ ಕಂಪನಿಗಳನ್ನು ಕೇಳಬೇಕಾದ ಪ್ರಶ್ನೆಗಳು

ಮಾನ್ಯ ಸಂಪಾದಕರೆ,

ನಷ್ಟದಲ್ಲಿರುವ ತಂತ್ರಜ್ಞಾನ ಕಂಪನಿಯೊಂದು ತನ್ನ ಉತ್ಪನ್ನಗಳ ತಯಾರಿಕೆ ಮತ್ತು ಮಾರಾಟವನ್ನು ಕೈಬಿಟ್ಟು, ಇನ್ನು ಮುಂದೆ ತನ್ನ ತಂತ್ರಜ್ಞಾನವನ್ನು ಇತರರಿಗೆ ಲೈಸೆನ್ಸ್ ಮೇಲೆ (ಅಂದರೆ ಶುಲ್ಕ ಪಡೆದು ಬಳಕೆಯ ಅನುಮತಿಯಾಗಿ) ಕೊಡುವುದಾಗಿಯೂ, ಬೇರೆ ಕಂಪನಿಗಳಿಗೆ ಗುತ್ತಿಗೆ ಆಧಾರದ ಮೇಲೆ ಉತ್ಪನ್ನಗಳನ್ನು ಅಭಿವೃದ್ಧಿಪಡಿಸಿ ಕೊಡುವುದಾಗಿಯೂ ಪ್ರಕಟಿಸಿದಾಗ, ವಾಣಿಜ್ಯ ಪುಟಗಳಲ್ಲಿ ಅದು ಬಹುಮಟ್ಟಿಗೆ ಒಂದೇ ಧಾಟಿಯಲ್ಲಿ ವರದಿಯಾಗುತ್ತದೆ. ವೆಚ್ಚ ಎಷ್ಟು ಇಳಿಯಲಿದೆ, ಎಷ್ಟು ಮಂದಿ ಕೆಲಸ ಕಳೆದುಕೊಳ್ಳಲಿದ್ದಾರೆ, ಷೇರಿನ ಬೆಲೆ ಏರಿತೋ ಇಳಿಯಿತೋ ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ವೃತ್ತಿಜೀವನವನ್ನೆಲ್ಲ ಉತ್ಪನ್ನ ಅಭಿವೃದ್ಧಿಯಲ್ಲೇ ಕಳೆದ ನನಗೆ ಈ ವರದಿಗಳಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗುತ್ತಿದೆ ಎನ್ನಿಸುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಲೈಸೆನ್ಸ್ ಮತ್ತು ಗುತ್ತಿಗೆ ಅಭಿವೃದ್ಧಿಯನ್ನು ಜೋಡಿಪದದಂತೆ ಒಟ್ಟಿಗೇ ಹೇಳುವುದು ರೂಢಿ. ವಾಸ್ತವದಲ್ಲಿ ಅವೆರಡೂ ಅದೇ ಎಂಜಿನಿಯರುಗಳ ಸಮಯಕ್ಕಾಗಿ ಪೈಪೋಟಿಗಿಳಿಯುವ ವ್ಯವಹಾರಗಳು. ಆ ಪೈಪೋಟಿಯನ್ನು ಆಡಳಿತ ಮಂಡಳಿ ಹೇಗೆ ನಿಭಾಯಿಸುತ್ತದೆ ಎಂಬುದರ ಮೇಲೆ ಕಂಪನಿಯ ಅಳಿವು ಉಳಿವು ನಿಂತಿರುತ್ತದೆ.

ಅಮೆರಿಕದ ಟ್ರಾನ್ಸ್‌ಮೆಟಾ ಕಂಪನಿಯ ಕತೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು. 1995ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 2000ದ ಜನವರಿಯಲ್ಲಿ ಕ್ರೂಸೊ ಎಂಬ ಪ್ರೊಸೆಸರನ್ನು (ಕಂಪ್ಯೂಟರಿನ ಲೆಕ್ಕಾಚಾರ ನಡೆಸುವ ಮುಖ್ಯ ಚಿಪ್ಪನ್ನು) ಹೊರತಂದಿತು. ಇಂಟೆಲ್ ಪ್ರೊಸೆಸರುಗಳಿಗೆ ಬರೆದ ತಂತ್ರಾಂಶವನ್ನು ಚಾಲನೆಯ ವೇಳೆಯಲ್ಲೇ ತನ್ನ ಸರಳ ಯಂತ್ರಭಾಷೆಗೆ ಪರಿವರ್ತಿಸಿಕೊಂಡು, ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ ವಿನ್ಯಾಸ ಅದು. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಖ್ಯಾತಿಯ ಲೈನಸ್ ಟೊರ್ವಾಲ್ಡ್ಸ್ ಕೂಡ 1997ರಿಂದ 2003ರವರೆಗೆ ಅಲ್ಲಿ ಕೆಲಸ ಮಾಡಿದ್ದರು. ಆದರೆ ಕಾರ್ಯಕ್ಷಮತೆ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ, ಇಂಟೆಲ್ ಕೂಡ ಅಷ್ಟರಲ್ಲಿ ಕಡಿಮೆ ವಿದ್ಯುತ್ ಬಳಸುವ ಪ್ರೊಸೆಸರುಗಳನ್ನು ಮಾರುಕಟ್ಟೆಗೆ ತಂದಿತ್ತು. 2004ರ ಒಂದೇ ವರ್ಷದಲ್ಲಿ ನಷ್ಟ 10 ಕೋಟಿ ಡಾಲರ್ ದಾಟಿತು. 2005ರ ಮಾರ್ಚ್‌ನಲ್ಲಿ ಕಂಪನಿ ಪುನರ್‌ರಚನೆಯನ್ನು ಘೋಷಿಸಿ, ಚಿಪ್ ಮಾರಾಟವನ್ನು ಬಹುಪಾಲು ಕಡಿಮೆ ಮಾಡಿ, ಲೈಸೆನ್ಸ್ ಹಾಗೂ ಎಂಜಿನಿಯರಿಂಗ್ ಸೇವೆಗಳತ್ತ, ಅಂದರೆ ಗುತ್ತಿಗೆ ಅಭಿವೃದ್ಧಿಯತ್ತ, ಹೊರಳಿತು. ಟ್ರಾನ್ಸಿಸ್ಟರುಗಳಲ್ಲಿ ಸೋರಿಹೋಗುವ ವಿದ್ಯುತ್ತನ್ನು ಹಿಡಿತದಲ್ಲಿಡುವ ಲಾಂಗ್‌ರನ್-2 ತಂತ್ರಜ್ಞಾನವನ್ನು ಎನ್‌ಇಸಿ, ಫುಜಿತ್ಸು, ಸೋನಿ, ತೊಶಿಬಾ ಸಂಸ್ಥೆಗಳಿಗೆ ಲೈಸೆನ್ಸ್ ಮೇಲೆ ಕೊಟ್ಟದ್ದಲ್ಲದೆ, ಸುಮಾರು 100 ಎಂಜಿನಿಯರುಗಳನ್ನು ಸೋನಿಯ ಕೆಲಸಕ್ಕೆ ತೊಡಗಿಸಿತು.

ಆ ಹೊತ್ತಿನಲ್ಲಿ ಅದು ವಿವೇಕದ ನಿರ್ಧಾರವೇ ಆಗಿತ್ತು, ಏಕೆಂದರೆ ಗುತ್ತಿಗೆ ಕೆಲಸದಿಂದ ಸಂಬಳದ ಹಣ ಬರುತ್ತಿತ್ತು. ಆದರೆ ಎರಡು ವರ್ಷ ತುಂಬುವ ಮೊದಲೇ, 2007ರ ಫೆಬ್ರವರಿಯಲ್ಲಿ, ಕಂಪನಿ ಎಂಜಿನಿಯರಿಂಗ್ ಸೇವೆಗಳನ್ನೂ ನಿಲ್ಲಿಸಿ 75 ಮಂದಿಯನ್ನು ಕೆಲಸದಿಂದ ತೆಗೆಯಿತು. ಕೊನೆಗೆ ದೊಡ್ಡ ಮೊತ್ತ ತಂದುಕೊಟ್ಟದ್ದು 2006ರಲ್ಲಿ ಇಂಟೆಲ್ ವಿರುದ್ಧ ಹೂಡಿದ ಪೇಟೆಂಟ್ ಮೊಕದ್ದಮೆ. 2007ರ ಅಕ್ಟೋಬರ್‌ನಲ್ಲಿ ರಾಜಿಯಾಗಿ ಇಂಟೆಲ್ 15 ಕೋಟಿ ಡಾಲರ್ ಮತ್ತು ಐದು ವರ್ಷ ತಲಾ 2 ಕೋಟಿ ಡಾಲರ್ ಕೊಡಲು ಒಪ್ಪಿತು. 2009ರ ಜನವರಿಯಲ್ಲಿ ಕಂಪನಿಯೇ ಸುಮಾರು 25.5 ಕೋಟಿ ಡಾಲರಿಗೆ ಮಾರಾಟವಾಯಿತು. ಷೇರುದಾರರ ಲೆಕ್ಕದಲ್ಲಿ ಇದು ಅಷ್ಟೇನೂ ಕೆಟ್ಟ ಮುಕ್ತಾಯವಲ್ಲ. ಆದರೆ ಹೊಸ ಪ್ರೊಸೆಸರ್ ರೂಪಿಸಬಲ್ಲ ಒಂದು ತಂಡವಾಗಿ ಟ್ರಾನ್ಸ್‌ಮೆಟಾ ಅಷ್ಟರಲ್ಲಿ ಇಲ್ಲವಾಗಿತ್ತು. ಪುನರ್‌ರಚನೆ ಯಶಸ್ವಿಯಾಯಿತೇ ಎಂದು ಕೇಳುವಾಗ ಈ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿಯೇ ಇಡಬೇಕು ಎಂಬುದು ನನ್ನ ಆಗ್ರಹ.

ಗುತ್ತಿಗೆ ಕೆಲಸದ ಒಂದು ದಿನವನ್ನು ಹತ್ತಿರದಿಂದ ನೋಡಿದವರಿಗೆ ಇದು ಹೇಗಾಗುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಎಂಜಿನಿಯರ್‌ನ ಮೇಜಿನ ಮೇಲಿರುವುದು ಗ್ರಾಹಕ ಕಂಪನಿಯ ಪ್ರೊಟೊಟೈಪ್ ಬೋರ್ಡ್ (ಪ್ರಾಯೋಗಿಕ ಮಾದರಿಯ ಸರ್ಕ್ಯೂಟ್ ಫಲಕ). ಸಂಜೆ ಟೈಮ್‌ಶೀಟಿನಲ್ಲಿ ಆ ದಿನದ ಗಂಟೆಗಳನ್ನೆಲ್ಲ ಆ ಗ್ರಾಹಕನ ಪ್ರಾಜೆಕ್ಟ್ ಕೋಡ್‌ಗೆ ನಮೂದಿಸಬೇಕು. ಬೋರ್ಡಿನ ವಿದ್ಯುತ್ ಪೂರೈಕೆಯಲ್ಲಿ ಕಾಣಿಸಿಕೊಂಡ ನಾಯ್ಸ್ (ಬೇಡದ ವಿದ್ಯುತ್ ಏರಿಳಿತ) ಎಲ್ಲಿಂದ ಬರುತ್ತಿದೆ ಎಂದು ಆಸಿಲೊಸ್ಕೋಪ್ ಹಿಡಿದು ಹುಡುಕುತ್ತಿರುವಾಗ, ಇನ್ನೂ ಹತ್ತಾರು ಕಡೆ ಉಪಯೋಗಕ್ಕೆ ಬರಬಹುದಾದ ಹೊಸ ವಿಧಾನವೊಂದು ಅವನಿಗೆ ಹೊಳೆಯುತ್ತದೆ ಎಂದುಕೊಳ್ಳೋಣ. ಅದರ ಒಡೆತನ ಯಾರದು? ಕಂಪನಿ ಮೊದಲೇ ಹೊಂದಿದ್ದ ತಂತ್ರಜ್ಞಾನ ಅದರದ್ದೇ ಎಂದು ಬಹುತೇಕ ಎಲ್ಲ ಒಪ್ಪಂದಗಳೂ ಒಪ್ಪುತ್ತವೆ, ಆದರೆ ಕೆಲಸ ನಡೆಯುವಾಗ ಹುಟ್ಟಿದ್ದು ಹಣ ಕೊಟ್ಟವರಿಗೆ ಸೇರುತ್ತದೆ ಎಂಬ ಷರತ್ತನ್ನು ಗ್ರಾಹಕರು ಹಾಕುವುದು ಸಾಮಾನ್ಯ. ಕೈಯಲ್ಲಿ ಹಣವಿರುವ ಕಂಪನಿ ಈ ಷರತ್ತಿನ ಮೇಲೆ ವಾರಗಟ್ಟಲೆ ಚೌಕಾಸಿ ಮಾಡುತ್ತದೆ. ತಿಂಗಳ ಕೊನೆಯ ಸಂಬಳಕ್ಕೆ ಪರದಾಡುತ್ತಿರುವ ಕಂಪನಿ ಸಹಿ ಹಾಕುತ್ತದೆ. ಹಾಗೆ ಸಹಿ ಹಾಕಿದ ದಿನವೇ ಮುಂದಿನ ಹತ್ತು ವರ್ಷಗಳ ಲೈಸೆನ್ಸ್ ವ್ಯವಹಾರಕ್ಕೆ ಬೇಕಾದ ಸರಕನ್ನು ಅದು ಬಿಟ್ಟುಕೊಟ್ಟಿರುತ್ತದೆ. ಒಪ್ಪಂದದ ಈ ಒಂದು ಕಲಮು ಪತ್ರಿಕಾ ಪ್ರಕಟಣೆಯಲ್ಲಿ ಎಂದೂ ಕಾಣಿಸುವುದಿಲ್ಲ.

ಇನ್ನು ಲೈಸೆನ್ಸ್ ಎಂದರೆ ಕುಳಿತಲ್ಲಿಗೇ ರಾಯಧನ (ಮಾರಾಟವಾದ ಪ್ರತಿ ಸಾಧನದ ಮೇಲೆ ಸಲ್ಲುವ ಹಣ) ಬಂದು ಬೀಳುವ ಸುಲಭದ ದಾರಿ ಎಂಬ ಭಾವನೆ ಹಲವರಲ್ಲಿದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಮಾತು ಪೇಟೆಂಟುಗಳಿಗೂ ಸಲ್ಲುತ್ತದೆ. ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷಕ್ಕೆ ಪೇಟೆಂಟಿನ ಅವಧಿ ತೀರುತ್ತದೆ, ತಂತ್ರಜ್ಞಾನದ ಬೆಲೆ ಅದಕ್ಕಿಂತ ಎಷ್ಟೋ ಮೊದಲೇ ಇಳಿದಿರುತ್ತದೆ. ಲೈಸೆನ್ಸ್ ಒಪ್ಪಂದಕ್ಕೆ ಸಹಿ ಬಿದ್ದಾಗ ಒಂದು ಮುಂಗಡ ಶುಲ್ಕ ಬರುತ್ತದೆ ನಿಜ. ಆದರೆ ರಾಯಧನ ಶುರುವಾಗಬೇಕಾದರೆ ಲೈಸೆನ್ಸ್ ಪಡೆದವರು ತಮ್ಮ ಚಿಪ್ ವಿನ್ಯಾಸ ಮುಗಿಸಿ, ಪರೀಕ್ಷಿಸಿ, ಅದನ್ನು ಅಳವಡಿಸಿದ ಸಾಧನವನ್ನು ಮಾರಾಟಕ್ಕೆ ತರಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ, ಅಷ್ಟು ಕಾಯುವ ಶಕ್ತಿ ಬೇಕು. ಇನ್ನೊಂದು ಕಷ್ಟ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ತನ್ನದೇ ಉತ್ಪನ್ನಕ್ಕಾಗಿ ಮಾಡಿಕೊಂಡ ವಿನ್ಯಾಸದಲ್ಲಿ ಅರ್ಧದಷ್ಟು ವಿವರ ಕಾಗದದ ಮೇಲೆ ಇರುವುದಿಲ್ಲ, ಅದನ್ನು ಮಾಡಿದವರ ತಲೆಯಲ್ಲಿರುತ್ತದೆ. ಈ ಮೌಲ್ಯವನ್ನು ಯಾಕೆ ಬದಲಿಸಬಾರದು, ಈ ಪರೀಕ್ಷೆ ಯಾಕೆ ಎರಡು ಸಲ ನಡೆಯಬೇಕು ಎಂಬುದು ಪಕ್ಕದ ಮೇಜಿನವರನ್ನು ಕೇಳಿದರೆ ತಿಳಿಯುತ್ತಿತ್ತು. ಅದೇ ವಿನ್ಯಾಸವನ್ನು ಮತ್ತೊಂದು ದೇಶದ ಅಪರಿಚಿತ ತಂಡ ಬಳಸುವಂತೆ ಮಾಡಲು ಕೈಪಿಡಿ, ಪರೀಕ್ಷಾ ಸರಣಿ, ಹೊಂದಿಸುವ ಸಾಧನಗಳು, ಪ್ರಶ್ನೆ ಬಂದಾಗ ಉತ್ತರಿಸುವ ಜನ ಎಲ್ಲವೂ ಬೇಕು. ಇದನ್ನೆಲ್ಲ ಸಿದ್ಧಪಡಿಸಬಲ್ಲವರು ಮೂಲ ವಿನ್ಯಾಸ ಮಾಡಿದವರು ಮಾತ್ರ. ಪುನರ್‌ರಚನೆಯ ಮೊದಲ ಸುದ್ದಿಗೇ ಬೇರೆಡೆ ಕೆಲಸ ಹುಡುಕಿಕೊಂಡು ಹೊರಡುವವರೂ, ಉಳಿದರೆ ಗುತ್ತಿಗೆ ಗ್ರಾಹಕರು ತಮಗೇ ಬೇಕೆಂದು ಕೇಳುವವರೂ ಅವರೇ.

ಲೈಸೆನ್ಸ್ ಮಾದರಿಯಿಂದ ಬೆಳೆದ ಸಂಸ್ಥೆಗಳಿಲ್ಲವೆಂದಲ್ಲ. 1990ರ ನವೆಂಬರ್‌ನಲ್ಲಿ ಏಕಾರ್ನ್, ಆಪಲ್ ಮತ್ತು ವಿಎಲ್‌ಎಸ್‌ಐ ಸೇರಿ 12 ಎಂಜಿನಿಯರುಗಳೊಂದಿಗೆ ಆರಂಭಿಸಿದ ಆರ್ಮ್ ಸಂಸ್ಥೆ ಚಿಪ್ ತಯಾರಿಸುವ ಗೋಜಿಗೆ ಹೋಗದೆ ವಿನ್ಯಾಸವನ್ನಷ್ಟೇ ಲೈಸೆನ್ಸ್ ಮೇಲೆ ಕೊಟ್ಟು, ಇಂದು ಹೆಚ್ಚುಕಡಿಮೆ ಪ್ರತಿ ಸ್ಮಾರ್ಟ್‌ಫೋನಿನ ಒಳಗಿದೆ. 1965ರಲ್ಲಿ ಆರಂಭವಾದ ಧ್ವನಿ ತಂತ್ರಜ್ಞಾನ ಕಂಪನಿ ಡಾಲ್ಬಿ, ವೃತ್ತಿಪರ ಸ್ಟುಡಿಯೊಗಳಿಗೆ ಉಪಕರಣಗಳನ್ನು ತಾನೇ ತಯಾರಿಸುತ್ತ, ಮನೆಬಳಕೆಯ ರೆಕಾರ್ಡರುಗಳ ತಯಾರಕರಿಗೆ ತಂತ್ರಜ್ಞಾನವನ್ನು ಲೈಸೆನ್ಸ್ ಮೇಲೆ ನೀಡಿತು. ಇವೆರಡೂ ಈ ದಾರಿಯನ್ನು ಆರಂಭದ ದಿನಗಳಲ್ಲೇ ಆರಿಸಿಕೊಂಡವು, ಹಾಗೂ ಸಂಶೋಧನೆಯನ್ನು ಎಂದೂ ನಿಲ್ಲಿಸಲಿಲ್ಲ. ಕೊನೆಯ ಗಳಿಗೆಯಲ್ಲಿ ಈ ದಾರಿ ಹಿಡಿದವರ ಪಾಡು ಬೇರೆ. 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿದ ಕ್ಯಾಮೆರಾ ಮತ್ತು ಫಿಲ್ಮ್ ಕಂಪನಿ ಕೊಡಾಕ್, ತನ್ನ ಸುಮಾರು 1,100 ಡಿಜಿಟಲ್ ಇಮೇಜಿಂಗ್ ಪೇಟೆಂಟುಗಳಿಗೆ 200 ಕೋಟಿ ಡಾಲರಿಗೂ ಮೀರಿದ ಬೆಲೆಯ ಅಂದಾಜು ಹಿಡಿದು ಹೊರಟು, ಕೊನೆಗೆ 52 ಕೋಟಿ ಡಾಲರಿನ ಆಸುಪಾಸಿಗೆ ಒಪ್ಪಬೇಕಾಯಿತು. ಮಾರುವವನಿಗೆ ಗತ್ಯಂತರವಿಲ್ಲ ಎಂಬುದು ಕೊಳ್ಳುವವರಿಗೆ ಗೊತ್ತಿತ್ತು. ಬ್ರಿಟನ್ನಿನ ಇಮ್ಯಾಜಿನೇಶನ್ ಟೆಕ್ನಾಲಜೀಸ್ ಪಕ್ಕಾ ಲೈಸೆನ್ಸ್ ಕಂಪನಿಯೇ ಆಗಿದ್ದರೂ, ವರಮಾನದ ಅರ್ಧದಷ್ಟನ್ನು ಕೊಡುತ್ತಿದ್ದ ಆಪಲ್ ತನ್ನದೇ ಗ್ರಾಫಿಕ್ಸ್ ಚಿಪ್ ವಿನ್ಯಾಸಕ್ಕೆ ಬದಲಾಗುವುದಾಗಿ ತಿಳಿಸಿದೆ ಎಂಬ ಸುದ್ದಿ 2017ರ ಏಪ್ರಿಲ್‌ನಲ್ಲಿ ಹೊರಬಿದ್ದ ದಿನ ಅದರ ಷೇರು ಅರ್ಧಕ್ಕಿಂತ ಕೆಳಗೆ ಕುಸಿಯಿತು. ಆ ವರ್ಷವೇ ಅದು 55 ಕೋಟಿ ಪೌಂಡಿಗೆ ಮಾರಾಟಕ್ಕೆ ಒಪ್ಪಿಕೊಂಡಿತು.

ಹೀಗಿರುವಾಗ, ಇಂಥ ಪುನರ್‌ರಚನೆಯನ್ನು ನಾನು ವಿರೋಧಿಸುತ್ತಿಲ್ಲ. ತಯಾರಿಕೆಯ ಹೊರೆ ಇಳಿಸಿಕೊಂಡರೆ ಮಾತ್ರ ಉಳಿಯಬಲ್ಲ ಒಳ್ಳೆಯ ಕಂಪನಿಗಳಿವೆ, ಗುತ್ತಿಗೆ ಕೆಲಸದಿಂದ ಹೊಸ ಉದ್ಯಮಗಳ ಒಳಹೊರಗು ಕಲಿತ ತಂಡಗಳನ್ನೂ ನಾನು ಬಲ್ಲೆ. ಆದರೆ ಬರುವ ಗುತ್ತಿಗೆ ಹಣದಲ್ಲಿ ಒಂದು ಪಾಲನ್ನು ಸ್ವಂತ ಸಂಶೋಧನೆಗೆ ಮೀಸಲಿಡುವ ನಿಯಮವನ್ನು ಆಡಳಿತ ಮಂಡಳಿ ಮೊದಲ ದಿನವೇ ಮಾಡಿಕೊಳ್ಳಬೇಕು, ಮೂಲ ತಂತ್ರಜ್ಞಾನವನ್ನು ಬೆಳೆಸುವ ಒಂದು ಸಣ್ಣ ತಂಡವನ್ನಾದರೂ ಗ್ರಾಹಕರ ಕೆಲಸದಿಂದ ಹೊರಗಿಡಬೇಕು. ಮುಂದಿನ ತ್ರೈಮಾಸಿಕದ ಅಂಕಿಅಂಶ ಚೆನ್ನಾಗಿ ಕಾಣಲೆಂದು ಆ ತಂಡವನ್ನೂ ಗುತ್ತಿಗೆಗೆ ಕಳುಹಿಸುವ ಒತ್ತಡ ಬಂದೇ ಬರುತ್ತದೆ, ಅದಕ್ಕೆ ಮಣಿಯಬಾರದು. ಉದ್ಯೋಗಿಗಳಿಗೂ ನಿಜಸ್ಥಿತಿಯನ್ನು ಹೇಳಬೇಕು. ಕಂಪನಿಯನ್ನು ಮುಂದುವರಿಸುವ ಉದ್ದೇಶವಿದೆಯೇ, ಮಾರಾಟಕ್ಕೆ ಅಣಿಗೊಳಿಸಲಾಗುತ್ತಿದೆಯೇ ಎಂಬುದು ಅಲ್ಲಿ ದುಡಿಯುವವರಿಗೆ ತಿಳಿದಿದ್ದರೆ ತಮ್ಮ ಬದುಕಿನ ನಿರ್ಧಾರಗಳನ್ನು ಸರಿಯಾಗಿ ತೆಗೆದುಕೊಳ್ಳಬಲ್ಲರು.

ತಮ್ಮ ವಾಣಿಜ್ಯ ವರದಿಗಾರರಲ್ಲಿ ನನ್ನ ವಿನಂತಿ ಇಷ್ಟೆ. ಇಂಥ ಘೋಷಣೆ ಬಂದಾಗ ಗುತ್ತಿಗೆ ಕೆಲಸದಲ್ಲಿ ಹುಟ್ಟುವ ತಂತ್ರಜ್ಞಾನದ ಒಡೆತನ ಯಾರದೆಂದೂ, ಲೈಸೆನ್ಸ್ ವರಮಾನದಲ್ಲಿ ಒಬ್ಬನೇ ಗ್ರಾಹಕನ ಪಾಲು ಎಷ್ಟೆಂದೂ, ಪ್ರಮುಖ ಪೇಟೆಂಟುಗಳಿಗೆ ಇನ್ನೆಷ್ಟು ವರ್ಷ ಉಳಿದಿದೆಯೆಂದೂ ದಯವಿಟ್ಟು ಕೇಳಿರಿ. ವರ್ಷ ಕಳೆದ ಮೇಲೆ ಮತ್ತೊಮ್ಮೆ ಹೋಗಿ, ಮೂಲ ತಂತ್ರಜ್ಞಾನವನ್ನು ರೂಪಿಸಿದವರಲ್ಲಿ ಎಷ್ಟು ಮಂದಿ ಇನ್ನೂ ಅಲ್ಲಿದ್ದಾರೆ, ಆ ವರ್ಷ ಸ್ವಂತ ಹೆಸರಿನಲ್ಲಿ ಎಷ್ಟು ಹೊಸ ಪೇಟೆಂಟ್ ಅರ್ಜಿಗಳು ಹೋಗಿವೆ ಎಂಬುದನ್ನೂ ವರದಿ ಮಾಡಿರಿ.

ಇತಿ ತಮ್ಮ ವಿಶ್ವಾಸಿ,
ಉತ್ಪನ್ನ ಅಭಿವೃದ್ಧಿ ವಿಭಾಗದ ನಿವೃತ್ತ ಎಂಜಿನಿಯರ್