ಸಹಿ ಹಾಕಬೇಡ ಮಗಳೇ

ಪ್ರೀತಿಯ ಮಗಳಿಗೆ,

ನಿನ್ನೆ ಫೋನಿನಲ್ಲಿ ರೇಗಿಬಿಟ್ಟೆ. ನೀನು ಅಳುತ್ತಾ ಕಟ್ ಮಾಡಿದ ಮೇಲೆ ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ. ಮತ್ತೆ ಫೋನ್ ಮಾಡಿದರೆ ಮತ್ತೆ ಕೂಗಾಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಗಿನ ರೈಲಿಗೆ ನಿನ್ನ ತಮ್ಮ ತಂದುಕೊಡುತ್ತಾನೆ.

"ಹೊರಗಿನಿಂದ ಸಿದ್ಧ ಬಟ್ಟೆ ತರಿಸೋದೇ ಅಗ್ಗವಂತೆ, ಫ್ಯಾಕ್ಟರಿ ಮುಚ್ತಾರಂತೆ. ಒಂದು ತಿಂಗಳ ಸಂಬಳ ಜಾಸ್ತಿ ಕೊಡ್ತಾರೆ, ಶನಿವಾರ ರಾಜೀನಾಮೆಗೆ ಸಹಿ ಹಾಕಿ ಬಂದುಬಿಡ್ತೀನಿ" ಅಂದೆಯಲ್ಲ. ನನ್ನ ಎದೆ ಧಸಕ್ ಅಂತು. ಆ ಸಿಟ್ಟು ನಿನ್ನ ಮೇಲಿನದಲ್ಲ ಕಂದ.

2011ರ ಕಷ್ಟವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನಿನಗೂ ಗೊತ್ತು. ಆದರೆ ಆ ಒಂದು ದಿನ ನಿನಗೆ ನೆನಪಿದೆಯೋ ಇಲ್ಲವೋ.

ನೀನು ನಾಲ್ಕನೇ ಕ್ಲಾಸು. ಶಾಲೆಗೆ ರಜೆ ಅಂತ ನಾನು ರೇಷ್ಮೆ ನೂಲು ಬಿಚ್ಚುತ್ತಿದ್ದ ಜಾಗಕ್ಕೆ ನನ್ನ ಜೊತೆ ಬಂದಿದ್ದೆ. ಗೂಡು ಹಾಕುವ ಬಿಸಿನೀರಿನ ಬೇಸಿನ್‌ಗಳ ಕೆಳಗೆ ಒಲೆ ಆರಿತ್ತು. ನಾವು ಎಂಟು ಜನ ಜಗುಲಿಯಲ್ಲಿ ಸಾಲಾಗಿ ಕೂತಿದ್ದೆವು. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ನನ್ನ ಬೆರಳ ತುದಿ ಬೆಳ್ಳಗೆ ಸುಲಿದಿತ್ತು, ಪೆನ್ನು ಹಿಡಿದರೆ ಉರಿಯುತ್ತಿತ್ತು. ಮಾಲೀಕರು ಕೊಟ್ಟ ಕಾಗದವನ್ನು ನೀನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. "ಅವ್ವಾ, ಸ್ವಇಚ್ಛೆ ಅಂದ್ರೆ ಏನು?" ಅಂದೆ. ಎಲ್ಲರಿಗೂ ಕೇಳಿಸಿತು. ಮಾಲೀಕರು ನನ್ನ ಮುಖ ನೋಡಿದರು. ನಾನು ನಿನ್ನ ತೋಳು ಚಿವುಟಿ, "ಸುಮ್ನಿರು, ದೊಡ್ಡವರ ಮಧ್ಯೆ ಬಾಯಿ ಹಾಕಬೇಡ" ಅಂದೆ. ಸಹಿ ಹಾಕಿದೆ. ಎರಡು ಸಾವಿರ ರೂಪಾಯಿ ಕೊಟ್ಟರು.

ಏಳನೇ ಕ್ಲಾಸು ಓದಿದವಳು ನಾನು. ಆ ಪದದ ಅರ್ಥ ನನಗೆ ಗೊತ್ತಿತ್ತು. ನನ್ನ ಇಚ್ಛೆಯಿಂದ ಕೆಲಸ ಬಿಟ್ಟೆ ಅಂತ ಬರೆದಿತ್ತು. ಯಾರ ಇಚ್ಛೆ? ದೆಹಲಿಯಲ್ಲಿ ಬಜೆಟ್ ಓದಿದರು, ಹೊರದೇಶದ ಕಚ್ಚಾ ರೇಷ್ಮೆಯ ಸುಂಕ ನೂರಕ್ಕೆ 30 ಇದ್ದದ್ದು 5ಕ್ಕೆ ಇಳಿಯಿತು. ಚೀನಾದ ನೂಲು ಅಗ್ಗವಾಯಿತು, ರಾಮನಗರದ ನೂಲು ಕೇಳುವವರಿಲ್ಲದಾಯಿತು. ರೈತರು ಬೀದಿಗಿಳಿದು ಬೆಂಬಲ ಬೆಲೆ ಕೇಳಿದರು. ಕೇಳಲೇಬೇಕಿತ್ತು, ಅವರ ಹೊಟ್ಟೆಯೂ ಉರಿದಿತ್ತು. ಆದರೆ ರೈತರಿಗೆ ಪಹಣಿ ಇತ್ತು, ನೂಲು ತೆಗೆಸುವ ಮಾಲೀಕ ರೀಲರ್‌ಗೆ ಲೈಸೆನ್ಸ್ ಇತ್ತು. ನೂಲು ಬಿಚ್ಚುವವಳ ಹತ್ತಿರ ಏನಿತ್ತು? ಹಾಜರಿ ಪುಸ್ತಕ ಇಲ್ಲ, ಕಾರ್ಮಿಕರ ವಿಮೆ ಇಎಸ್‌ಐ ಇಲ್ಲ, ಪಿಎಫ್ ಇಲ್ಲ. ಇದ್ದದ್ದು ನಾನು ಸಹಿ ಹಾಕಿದ ಆ ಒಂದೇ ಕಾಗದ. ಅದೂ ಅವರ ಹತ್ತಿರವೇ ಉಳಿಯಿತು. 2013ರಲ್ಲಿ ಸುಂಕ ಮತ್ತೆ 15ಕ್ಕೆ ಏರಿತು. ಅಷ್ಟರಲ್ಲಿ ನಮ್ಮ ಬೇಸಿನ್‌ಗಳು ಗುಜರಿ ಸೇರಿದ್ದವು.

ನೀನು ಆ ಪದದ ಮೇಲೆ ಬೆರಳಿಟ್ಟುಕೊಂಡು ಕೇಳಿದ್ದೆ. ಈಗಲೂ ಆ ಪುಟ್ಟ ಬೆರಳು ಕಣ್ಣಿಗೆ ಕಟ್ಟುತ್ತದೆ. ನಾನು ಹೇಳಿಬಿಡಬೇಕಿತ್ತು.

ನಿನ್ನ ಕೈಯಲ್ಲಿ ಇಎಸ್‌ಐ ಕಾರ್ಡಿದೆ. ಪ್ರತಿ ತಿಂಗಳೂ ನಿನ್ನ ಸಂಬಳದ ನೂರು ರೂಪಾಯಿಗೆ 75 ಪೈಸೆ ಹಿಡಿದಿದ್ದಾರೆ, ಕಂಪನಿಯವರು ಮೂರೂಕಾಲು ರೂಪಾಯಿ ಕಟ್ಟಬೇಕು. ಅದು ಯಾರೋ ಹಾಕುವ ಭಿಕ್ಷೆಯಲ್ಲ. ಇವತ್ತು ಇಎಸ್‌ಐ ಕಚೇರಿಗೆ ಹೋಗಿ ಕೇಳಿ, ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡು ಬಂದೆ. ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಅಂತ 2005ರಿಂದ ಇದೆಯಂತೆ. ಎರಡು ವರ್ಷ ಹಣ ಕಟ್ಟಿದವರ ಫ್ಯಾಕ್ಟರಿ ಮುಚ್ಚಿ ಕೆಲಸ ಹೋದರೆ ಮೊದಲ ವರ್ಷ ಅರ್ಧ ಸಂಬಳ, ಎರಡನೇ ವರ್ಷ ಕಾಲು ಭಾಗ. ಆಸ್ಪತ್ರೆ ಖರ್ಚೂ ನಡೆಯುತ್ತದೆ. ಆದರೆ ತಾನಾಗಿ ಬಿಟ್ಟವರಿಗೆ ಇಲ್ಲ. ರಾಜೀನಾಮೆ ಅಂತ ಒಂದು ಸಹಿ ಬಿದ್ದರೆ ಮುಗಿಯಿತು. ಅದಕ್ಕೇ ಅವರಿಗೆ ನಿನ್ನ ಸಹಿ ಇಷ್ಟು ಬೇಕಾಗಿದೆ ಅನ್ನಿಸುತ್ತದೆ ನನಗೆ. ಫ್ಯಾಕ್ಟರಿ ಮುಚ್ಚಿದ್ದೇವೆ ಅಂತಲೇ ಬರೆದುಕೊಡಲಿ, ಕೇಳು. ಆರು ವರ್ಷ ದುಡಿದಿದ್ದೀಯ, ಅಷ್ಟು ವರ್ಷದ ದುಡಿಮೆಗೆ ಕೊಡಬೇಕಾದ ಗ್ರಾಚ್ಯುಟಿ ಹಣ ಹೇಗೂ ನಿನ್ನದೇ. ಅದನ್ನು ತಂದು ಆ ಜಾಸ್ತಿ ಸಂಬಳದ ಲೆಕ್ಕಕ್ಕೆ ಸೇರಿಸಿದರೆ ಒಪ್ಪಬೇಡ. ಪೇ ಸ್ಲಿಪ್ಪುಗಳನ್ನೆಲ್ಲ ಜೋಡಿಸಿಡು. ಒಬ್ಬಳೇ ಮಾತಾಡಬೇಡ, ಲೈನಿನ ಹುಡುಗಿಯರನ್ನೆಲ್ಲ ಕರೆದುಕೊಂಡು ಹೋಗು.

ನೋಡು, ಬುದ್ಧಿ ಹೇಳಬಾರದು ಅಂದುಕೊಂಡೇ ಕೂತೆ, ಶುರು ಮಾಡಿಬಿಟ್ಟೆ. ಪಿಯುಸಿ ಬಿಡಿಸಿ ನಿನ್ನನ್ನು ಹೊಲಿಗೆ ಮಷಿನ್ ಮುಂದೆ ಕೂರಿಸಿದವಳು ನಾನು. ನನಗೆ ಬುದ್ಧಿ ಹೇಳುವ ಹಕ್ಕಿದೆಯೋ ಇಲ್ಲವೋ. ಆದರೂ ನಿಮ್ಮ ಸೂಪರ್‌ವೈಸರ್ ಎದುರು ನೀನು ನಿಂತು ಓವರ್‌ಟೈಮ್ ಹಣ ಕೇಳಿದ್ದನ್ನು ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದೇನೆ. ಆ ಧೈರ್ಯ ಈಗ ಎಲ್ಲಿ ಹೋಯಿತು? ಸುಸ್ತಾಗಿರಬೇಕು, ಅಲ್ವಾ. ಹೊಟ್ಟೆ ತುಂಬ ಉಂಡು ಮಲಗು ಮೊದಲು.

ಶನಿವಾರ ನಾನೂ ಬರುತ್ತೇನೆ. ಒಳಗೆ ಬಿಡದಿದ್ದರೆ ಗೇಟಿನ ಹತ್ತಿರ ನಿಂತಿರುತ್ತೇನೆ. ಆ ಕಾಗದ ಕೈಗೆ ಕೊಟ್ಟಾಗ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದು.

ಕಡಲೆಕಾಯಿ ಹುರಿದು ಕಳಿಸಿದ್ದೇನೆ. ರೂಮಿನ ಹುಡುಗಿಯರಿಗೂ ಕೊಡು.

ನಿನ್ನ ಅವ್ವ